ಡಿಜಿಟಲ್ ಮಾದರಿ ರೈಲಿನ ಪಾಯಿಂಟ್‌ಗಳಿಗೆ ವಿದ್ಯುತ್ ಕೊಡುವ ಕ್ರಮ

ಬಂಗಾರಪೇಟೆ ಜಂಕ್ಷನ್ನಿನಂಥ ನಿಲ್ದಾಣವನ್ನು ಮನೆಯ ಮೇಜಿನ ಮೇಲೆ ಎಚ್‌ಓ ಅಳತೆಯಲ್ಲಿ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು) ಕಟ್ಟಲು ಹೊರಟವರಿಗೆ ಪಾಯಿಂಟ್‌ಗಳ, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಕವಲುಗಳ, ಲೆಕ್ಕ ಬಹಳ ಬೇಗ ಬೆಳೆಯುತ್ತದೆ. ಬೆಂಗಳೂರು–ಚೆನ್ನೈ ಮುಖ್ಯ ಮಾರ್ಗದಿಂದ ಅಲ್ಲಿ ಮಾರಿಕುಪ್ಪಂ ಕಡೆಗೊಂದು, ಕೋಲಾರ–ಚಿಕ್ಕಬಳ್ಳಾಪುರದ ಕಡೆಗೊಂದು ಹಳಿ ಕವಲೊಡೆಯುತ್ತದೆ. ಲೂಪ್ ಲೈನುಗಳನ್ನೂ (ಮುಖ್ಯ ಹಳಿಯಿಂದ ಹೊರಟು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿಗಳು) ಸೇರಿಸಿದರೆ ಹತ್ತು ಹನ್ನೆರಡು ಪಾಯಿಂಟ್‌ಗಳಾದರೂ ಬೇಕು. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ವ್ಯವಸ್ಥೆಯಲ್ಲಿ ವಿದ್ಯುತ್ತೂ ಆದೇಶವೂ ಹಳಿಯಲ್ಲಿ ಒಟ್ಟಿಗೇ ಹರಿಯುವುದರಿಂದ, ಆ ಆದೇಶವನ್ನು ಓದಿ ಪಾಯಿಂಟನ್ನು ತಿರುಗಿಸುವ ಪಾಯಿಂಟ್ ಡಿಕೋಡರಿನ ಎರಡು ವೈರುಗಳನ್ನು ಹತ್ತಿರದ ಹಳಿಗೆ ಬೆಸೆದುಬಿಟ್ಟರೆ ಸಾಕೆಂದು ಅನ್ನಿಸುವುದು ಸಹಜ. ಹಾಗೆ ಮಾಡಬೇಡಿ.

ಎದುರು ದಿಕ್ಕಿಗೆ ಕೂಡಿಸಿರುವ ಪಾಯಿಂಟಿನೊಳಗೆ ಎಂಜಿನ್ ನುಗ್ಗಿದಾಗ, ಅದರ ಲೋಹದ ಚಕ್ರಗಳು ವಿರುದ್ಧ ಧ್ರುವದ ಹಳಿಗಳನ್ನು ಕೂಡಿಸಿ ಶಾರ್ಟ್ ಮಾಡುತ್ತವೆ ಮತ್ತು ಹಳಿಗೆ ವಿದ್ಯುತ್ ಒದಗಿಸುವ ಬೂಸ್ಟರ್ ಕೂಡಲೇ ವಿದ್ಯುತ್ ನಿಲ್ಲಿಸುತ್ತದೆ. ಶಾರ್ಟ್ ಬಿಡಿಸಲು ಪಾಯಿಂಟ್ ತಿರುಗಬೇಕು, ಪಾಯಿಂಟ್ ತಿರುಗಲು ವಿದ್ಯುತ್ ಬೇಕು, ವಿದ್ಯುತ್ ಬರಲು ಶಾರ್ಟ್ ಬಿಡಬೇಕು. ಕೊನೆಗೆ ಎಂಜಿನ್ನನ್ನು ಕೈಯಿಂದಲೇ ಎತ್ತಬೇಕಾಗುತ್ತದೆ.

ಆದ್ದರಿಂದ ಬೂಸ್ಟರಿನಿಂದ ಹೊರಡುವ ವೈರನ್ನು ಆರಂಭದಲ್ಲೇ ಎರಡು ಜೋಡಿಯಾಗಿ ಕವಲೊಡೆಸಿ. ಒಂದು ಜೋಡಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬ್ರೇಕರಿನ ಮೂಲಕ ಹಳಿಗೆ ಹೋಗಲಿ. ಇನ್ನೊಂದು ಬ್ರೇಕರನ್ನು ಮುಟ್ಟದೆ ನೇರವಾಗಿ ಪಾಯಿಂಟ್ ಡಿಕೋಡರುಗಳಿಗೆ ಹೋಗಲಿ. ಬೂಸ್ಟರ್ ನಿಲ್ಲುವುದಕ್ಕಿಂತ ಮೊದಲೇ ಬ್ರೇಕರ್ ಬೀಳುವಂತೆ ಅದರ ಆಂಪಿಯರ್ ಮಿತಿಯನ್ನು ಕಡಿಮೆ ಇಡಬೇಕು. ಪಾಯಿಂಟನ್ನು ತಿರುಗಿಸುವ ಮೋಟಾರಿನ ವಿದ್ಯುತ್ತಿಗೆ ಬೇರೆ ಟರ್ಮಿನಲ್ ಇರುವ ಡಿಕೋಡರುಗಳನ್ನು ಕೊಂಡವರು, ಅಡಾಪ್ಟರ್ ಪ್ರತ್ಯೇಕವಿದೆಯೆಂದು ನಿಶ್ಚಿಂತರಾಗಿ ಸಿಗ್ನಲ್ ವೈರನ್ನು ಮಾತ್ರ ಹಳಿಯಿಂದಲೇ ಎಳೆಯುವುದುಂಟು. ಮೋಟಾರಿಗೆ ವಿದ್ಯುತ್ ಇದ್ದರೂ ಆದೇಶ ತಲುಪದಿದ್ದರೆ ಪಾಯಿಂಟ್ ಕದಲದು. ಸಿಗ್ನಲನ್ನೂ ಬ್ರೇಕರಿಗಿಂತ ಮೊದಲೇ, ಬೂಸ್ಟರ್ ಕಡೆಯಿಂದಲೇ ತೆಗೆದುಕೊಳ್ಳಬೇಕು.

ಅಡಾಪ್ಟರ್ ಎಷ್ಟು ದೊಡ್ಡದಿರಬೇಕೆಂಬುದು ಮೋಟಾರಿನ ಬಗೆಯನ್ನು ಅವಲಂಬಿಸುತ್ತದೆ. ನಿಧಾನವಾಗಿ ತಿರುಗಿ ತುದಿಯಲ್ಲಿ ಒತ್ತಿ ನಿಲ್ಲುವ ಸ್ಟಾಲ್ ಮೋಟಾರು ಸುಮಾರು 15ರಿಂದ 20 ಮಿಲಿಆಂಪಿಯರ್ ಮಾತ್ರ ಎಳೆಯುತ್ತದೆ. ಅಂಥ ಹನ್ನೆರಡು ಇದ್ದರೂ ಕಾಲು ಆಂಪಿಯರಿನ ಒಳಗೇ ಮುಗಿಯುವುದರಿಂದ 12 ವೋಲ್ಟ್, 1 ಆಂಪಿಯರ್ ಅಡಾಪ್ಟರ್ ಧಾರಾಳವಾಯಿತು. ಸಣ್ಣ ಸರ್ವೊಗಳಿಗೆ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರುಗಳಿಗೆ) 5 ವೋಲ್ಟ್ ಬೇಕು. ಅವು ಹೊರಡುವ ಕ್ಷಣದಲ್ಲಿ ವೋಲ್ಟೇಜ್ ಕುಸಿದು ನಡುಗುವುದುಂಟಾದ್ದರಿಂದ, ವಿದ್ಯುತ್ ಬರುವ ಟರ್ಮಿನಲ್ಲಿಗೆ ಅಡ್ಡಲಾಗಿ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದನ್ನು ಧ್ರುವ ನೋಡಿ ಬೆಸೆಯುವುದು ಒಳ್ಳೆಯದು.

ವಿದ್ಯುತ್ ಹರಿದಾಗ ಸರಳನ್ನು ಸೆಳೆದು ಪಾಯಿಂಟ್ ತಿರುಗಿಸುವ ಸುರುಳಿಯಾದ ಸೊಲೆನಾಯ್ಡಿನ ಸ್ವಭಾವವೇ ಬೇರೆ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತು ಹಲವು ಆಂಪಿಯರ್ ಕೇಳಿ ಸುಮ್ಮನಾಗುತ್ತದೆ. ಆ ಒಂದು ಸೆಳೆತಕ್ಕೆ ಹಳಿಯ ವೋಲ್ಟೇಜ್ ತಗ್ಗಿ ಓಡುತ್ತಿರುವ ಎಂಜಿನ್ ತಡವರಿಸಬಹುದು. ಕೆಪಾಸಿಟರಿನಲ್ಲಿ ವಿದ್ಯುತ್ತನ್ನು ಕೂಡಿಟ್ಟುಕೊಂಡು ಒಮ್ಮೆಲೇ ಸುರಿಯುವ ಡಿಸ್ಚಾರ್ಜ್ ಘಟಕವುಳ್ಳ ಡಿಕೋಡರನ್ನೇ ಇದಕ್ಕೆ ಆರಿಸಬೇಕು. ಸುರುಳಿಗೆ ವಿದ್ಯುತ್ ಎಡೆಬಿಡದೆ ಹರಿದರೆ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಡ, ಆದುದರಿಂದ ಡಿಕೋಡರಿನ ಔಟ್‌ಪುಟ್ಟನ್ನು ಕ್ಷಣಕಾಲ ಮಾತ್ರ ವಿದ್ಯುತ್ ಬಿಡುವ ‘ಪಲ್ಸ್’ ಕ್ರಮದಲ್ಲಿಯೇ ಇರಿಸಿ. ಹೊಸದಾಗಿ ಕಟ್ಟುವವರು ಸ್ಟಾಲ್ ಮೋಟಾರನ್ನೇ ಆರಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಬೆಲೆ ಹೆಚ್ಚಾದರೂ ಅದರ ಜೊತೆಗೆ ಬರುವ ಸ್ವಿಚ್‌ನಿಂದ ಫ್ರಾಗಿನ (ಪಾಯಿಂಟಿನಲ್ಲಿ ಎರಡು ಹಳಿಗಳು ಒಂದನ್ನೊಂದು ದಾಟುವ ಲೋಹದ ಭಾಗದ) ಧ್ರುವವನ್ನೂ ಬದಲಿಸಿಕೊಳ್ಳಬಹುದು.

ಮೇಜಿನ ಕೆಳಗಿನ ಮುಖ್ಯ ವೈರಿಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ತಾಮ್ರದ ವೈರು ಸಾಕು. ಅದು ತುಮಕೂರು, ಕೋಲಾರದ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತದೆ. ಕೆಪಾಸಿಟರ್, ಸರ್ವೊಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಾದೀತು. ಹಳಿಯ ಜೋಡಿಗೊಂದು ಬಣ್ಣ, ಪಾಯಿಂಟ್ ಜೋಡಿಗೆ ಬೇರೊಂದು ಬಣ್ಣ ಇಟ್ಟುಕೊಳ್ಳದವರು ಮುಂದೆ ಟಾರ್ಚ್ ಹಿಡಿದು ಮೇಜಿನಡಿ ಮಲಗಬೇಕಾಗುತ್ತದೆ. ಡಿಸಿಸಿ ವಿದ್ಯುತ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಚೌಕ ಅಲೆಯಾದ್ದರಿಂದ, ಸಾಮಾನ್ಯ ಮಲ್ಟಿಮೀಟರಿನ ಎಸಿ ಓದು ಅಂದಾಜಿಗಷ್ಟೇ ಸರಿ.

ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಎರಡೂ ಹಳಿಗಳನ್ನು ಮುಟ್ಟುವಂತೆ ಒಂದು ರೂಪಾಯಿಯ ನಾಣ್ಯವನ್ನು ಅಡ್ಡಲಾಗಿ ಇಡಿ. ಬ್ರೇಕರ್ ತಕ್ಷಣ ಬೀಳಬೇಕು. ನಾಣ್ಯವನ್ನು ತೆಗೆಯದೆ ಕಂಟ್ರೋಲರಿನಿಂದ ಎಲ್ಲ ಪಾಯಿಂಟ್‌ಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿ. ಯಾವುದಾದರೂ ತಿರುಗದಿದ್ದರೆ, ಅದರ ಡಿಕೋಡರಿಗೆ ಸಿಗ್ನಲ್ಲೋ ವಿದ್ಯುತ್ತೋ ಇನ್ನೂ ಹಳಿಯ ಜೋಡಿಯಿಂದಲೇ ಹೋಗುತ್ತಿರುವ ಸಾಧ್ಯತೆ ಹೆಚ್ಚು. ಮೊದಲು ಆ ವೈರುಗಳನ್ನು ನೋಡಿ.