ಮಳೆ ನಕ್ಷತ್ರ ನೋಡಿ ಹಾಡು ಹಂಚಿ: ವರ್ಷವಿಡೀ ನಡೆಯುವ ಪಟ್ಟಿ ಕಟ್ಟುವ ಬಗೆ

ವಾಟ್ಸಾಪ್ ಗುಂಪಿಗೆ ಹಾಡಿನ ಲಿಂಕು ಹಾಕುವುದು ಅರೆ ನಿಮಿಷದ ಕೆಲಸ. ಅದನ್ನು ಒಬ್ಬರಾದರೂ ಒತ್ತಿ, ಕೊನೆಯವರೆಗೆ ಕೇಳುವಂತೆ ಮಾಡುವುದೇ ಕಷ್ಟ. ಕೇಳದೆ ಬಿಡುವುದಕ್ಕೆ ಕಾರಣಗಳು ಹೆಚ್ಚೇನಿಲ್ಲ. ಒಂದೇ ಸಲಕ್ಕೆ ಹತ್ತು ಲಿಂಕು ಬಂದಿರುತ್ತವೆ. ಲಿಂಕು ನೋಡಿದರೆ ಹಾಡು ಯಾವುದೆಂದು ತಿಳಿಯುವುದಿಲ್ಲ. ಹಬ್ಬದ ದಿನದ ಶುಭಾಶಯಗಳ ರಾಶಿಯಲ್ಲಿ ಹೂತು ಹೋಗಿರುತ್ತದೆ. ಇಲ್ಲವೇ ಕೇಳುವವರ ಊರಿನಲ್ಲಿ ಬಿಸಿಲು ಸುಡುತ್ತಿರುವಾಗ ಮಳೆಯ ಹಾಡು ಬಂದು ಬಿದ್ದಿರುತ್ತದೆ. ನಾಲ್ಕನ್ನೂ ಸರಿಪಡಿಸಬಹುದು. ಮೊದಲು ಕೊನೆಯದು, ಅಂದರೆ ಕಾಲದ ಲೆಕ್ಕ.

ಕ್ಯಾಲೆಂಡರು ಗೋಡೆಯ ಮೇಲೇ ಇದೆ

ವಸಂತ, ಗ್ರೀಷ್ಮ ಎಂದು ಆರು ಋತುಗಳಿಗೆ ಆರು ಪಟ್ಟಿ ಮಾಡಹೊರಟರೆ ಒಂದೊಂದಕ್ಕೂ ಎರಡು ತಿಂಗಳು. ಅಷ್ಟು ದಿನ ಒಂದೇ ಪಟ್ಟಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ವಾರಕ್ಕೊಂದು ಮಾಡಿದರೆ ಮಾಡುವವರೇ ಸುಸ್ತಾಗುತ್ತಾರೆ. ಮಳೆಗಾಲದ ಮಟ್ಟಿಗೆ ರೈತರ ಮಳೆ ನಕ್ಷತ್ರಗಳ ಲೆಕ್ಕ ಹೇಳಿ ಮಾಡಿಸಿದಂತಿದೆ. ಒಂದು ನಕ್ಷತ್ರಕ್ಕೆ 13–14 ದಿನ. ಮೃಗಶಿರಾ ಜೂನ್ 7–8ರ ಸುಮಾರಿಗೆ ಹುಟ್ಟುತ್ತದೆ, ಆರಿದ್ರಾ ಜೂನ್ 21–22ಕ್ಕೆ, ಪುನರ್ವಸು ಜುಲೈ 5–6ಕ್ಕೆ, ಪುಷ್ಯ 19–20ಕ್ಕೆ, ಆಶ್ಲೇಷ ಆಗಸ್ಟ್ 2–3ಕ್ಕೆ. ಹೀಗೇ ಮಘ, ಹುಬ್ಬ, ಉತ್ತರಾ, ಹಸ್ತ, ಚಿತ್ತ, ಸ್ವಾತಿ ದಾಟಿ ನವೆಂಬರ್ ಮೊದಲ ವಾರ ವಿಶಾಖಕ್ಕೆ ಬಂದರೆ ಮಳೆಗಾಲ ಮುಗಿಯಿತು. ಪಂಚಾಂಗದಿಂದ ಪಂಚಾಂಗಕ್ಕೆ ಒಂದು ದಿನ ಆಚೀಚೆ ಆಗಬಹುದು, ಹಾಡಿಗೆ ಅದೇನೂ ಅಡ್ಡಿಯಲ್ಲ. ಒಂದು ನಕ್ಷತ್ರಕ್ಕೆ ಮೂರು ಹಾಡು, ಹೆಚ್ಚೆಂದರೆ ಐದು. ವಿಶಾಖದ ನಂತರ ಮುಂದಿನ ಬೇಸಿಗೆಯವರೆಗೆ ತಿಂಗಳಿಗೊಂದು ಪಟ್ಟಿ ಸಾಕು.

ಈ ಲೆಕ್ಕ ಇಡೀ ನಾಡಿಗೆ ಒಂದೇ ತರಹ ಹೊಂದುವುದಿಲ್ಲ. ಮೃಗಶಿರಾದಲ್ಲಿ ಕರಾವಳಿಯವರ ಅಂಗಳದಲ್ಲಿ ನೀರು ಹರಿಯುತ್ತಿದ್ದರೆ ಚಿತ್ರದುರ್ಗ, ಕೋಲಾರದವರು ಇನ್ನೂ ಮೋಡ ನೋಡುತ್ತಿರುತ್ತಾರೆ. ಅವರ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಗುಂಪಿನಲ್ಲಿ ಎರಡೂ ಕಡೆಯವರಿದ್ದರೆ ಮಳೆಯನ್ನು ಕರೆಯುವ ಹಾಡು ಒಂದು, ಸುರಿಯುವ ಮಳೆಯ ಹಾಡು ಒಂದು ಎಂದು ಸೇರಿಸಿ. ಮೆಲ್ಬರ್ನ್‌ನಲ್ಲಿರುವವರಿಗೆ ಯುಗಾದಿ ಬರುವುದು ಎಲೆ ಉದುರುವ ಹೊತ್ತಿಗೆ, ಟೊರಾಂಟೊದವರಿಗೆ ಹಿಮ ಪೂರ್ತಿ ಕರಗಿರುವುದಿಲ್ಲ. ಅವರಿಗೆ ಹಬ್ಬದ ಹಾಡನ್ನು ಹಬ್ಬದ ಲೆಕ್ಕಕ್ಕೇ ಕಳಿಸಿ. ಹವೆಯ ಹಾಡನ್ನು ಮಾತ್ರ ಅವರ ಊರಿನ ಹವೆ ಕೇಳಿಕೊಂಡು ಕಳಿಸಿ.

ಮಳೆಗಾಲದ ಪಟ್ಟಿಗೆ ಏನೇನು

ಮಳೆ ಎಂದ ಕೂಡಲೇ ಎಲ್ಲರ ಕೈಯೂ 2006ರ ‘ಮುಂಗಾರು ಮಳೆ’ಗೇ ಹೋಗುತ್ತದೆ. ಹಾಡುಗಳು ಚೆನ್ನಾಗಿವೆ, ಆದರೆ ಗುಂಪಿನಲ್ಲಿ ಅದನ್ನು ಕೇಳದವರು ಯಾರೂ ಇಲ್ಲ. ಶಿಫಾರಸು ಎಂದಮೇಲೆ ಮೂರರಲ್ಲಿ ಒಂದಾದರೂ ಹೊಸದಿರಬೇಕು. ಒಂದು ಎಲ್ಲರಿಗೂ ಗೊತ್ತಿರುವುದು, ಒಂದು ಮರೆತು ಹೋದದ್ದು, ಒಂದು ಕೇಳೇ ಇರದದ್ದು: ಈ ಅಳತೆ ಚೆನ್ನಾಗಿ ನಡೆಯುತ್ತದೆ. ಮೂರೂ ಅಪರಿಚಿತವಾದರೆ ಯಾರೂ ಒತ್ತುವುದಿಲ್ಲ.

ಮೃಗಶಿರಾಕ್ಕೆ ಮುಂಚಿನ ರೋಹಿಣಿಗೆ, ಮೃಗಶಿರಾಕ್ಕೆ ಮಳೆ ಕರೆಯುವ ಜನಪದ ಹಾಡುಗಳು. ಉತ್ತರ ಕರ್ನಾಟಕದ ಗುರ್ಜಿ ಹಾಡು ಇಲ್ಲಿ ಬರಬೇಕು. ಮಳೆ ತಡವಾದಾಗ ತಲೆಯ ಮೇಲೆ ಹಂಚು, ಅದರ ಮೇಲೆ ಸಗಣಿಯಿಂದ ಮಾಡಿದ ಗುರ್ಜಿ ಎಂಬ ಮೂರ್ತಿ ಹೊತ್ತು ಮನೆಮನೆಗೆ ಹೋಗುತ್ತಾರೆ, ಮನೆಯವರು ಮೇಲೆ ನೀರು ಸುರಿಯುತ್ತಾರೆ. ಈ ಎರಡು ಸಾಲಿನ ವಿವರವಿಲ್ಲದೆ ಬರೀ ಲಿಂಕು ಹಾಕಿದರೆ ಮೈಸೂರು ಕಡೆಯವರಿಗೆ ಏನೂ ಹತ್ತುವುದಿಲ್ಲ. ಅವರಿಗೆ ಗೊತ್ತಿರುವುದು ‘ಹುಯ್ಯೋ ಹುಯ್ಯೋ ಮಳೆರಾಯ’. ಎರಡನ್ನೂ ಜೋಡಿಯಾಗಿ ಕಳಿಸಿ.

ಶ್ರಾವಣಕ್ಕೆ ಬೇಂದ್ರೆಯವರ ‘ಶ್ರಾವಣ ಬಂತು’ ಇದ್ದೇ ಇದೆ. ಅದರ ಜೊತೆಗೆ ನಾಗರ ಪಂಚಮಿಗೆ ತವರಿಗೆ ಕರೆಯಲು ಅಣ್ಣ ಇನ್ನೂ ಬರಲಿಲ್ಲವೇಕೆ ಎಂದು ಕೇಳುವ ಹೆಣ್ಣುಮಕ್ಕಳ ಹಾಡು. ಹಬ್ಬಕ್ಕೆ ಉಳಿದಿರುವುದು ನಾಲ್ಕೇ ದಿನ ಎಂದು ಹಾಡೇ ಹೇಳುತ್ತದೆ, ಆದ್ದರಿಂದ ಸರಿಯಾಗಿ ಪಂಚಮಿಗೆ ನಾಲ್ಕು ದಿನ ಮೊದಲು ಕಳಿಸಿ. ಇಂಥ ಹೊಂದಿಕೆ ಸಿಕ್ಕಾಗ ಬಿಡಬಾರದು. ಎಷ್ಟೋ ಸಲ ಹಾಡಿಗಿಂತ ಈ ಹೊಂದಿಕೆಗೇ ಉತ್ತರ ಹೆಚ್ಚು ಬರುತ್ತದೆ.

ಹಿಂದೂಸ್ತಾನಿಯಲ್ಲಿ ಮಳೆಗಾಲಕ್ಕೆ ಮಲ್ಹಾರದ ಕುಟುಂಬವೇ ಇದೆ: ಮೇಘ, ಮಿಯಾ ಮಲ್ಹಾರ, ಗೌಡ ಮಲ್ಹಾರ, ಸೂರ್ ಮಲ್ಹಾರ. ಬೇರೆ ರಾಗಗಳಿಗೆ ಹೊತ್ತಿನ ಕಟ್ಟಳೆಯಿದ್ದರೂ ಮಳೆಗಾಲದಲ್ಲಿ ಮಲ್ಹಾರವನ್ನು ಯಾವ ಹೊತ್ತಿನಲ್ಲಾದರೂ ಹಾಡುವ ರೂಢಿಯಿದೆ, ಹಾಗಾಗಿ ಬೆಳಿಗ್ಗೆ ಕಳಿಸಿದರೂ ತಪ್ಪಿಲ್ಲ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಎಂದು ನಮ್ಮ ಕಡೆಯ ಗಾಯಕರಲ್ಲೇ ಹುಡುಕಲು ಬೇಕಾದಷ್ಟಿದೆ. ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿ ಮಾಳವದ ದೇವಾಸ್‌ನಲ್ಲಿ ನೆಲೆಸಿದ ಕುಮಾರ ಗಂಧರ್ವರಂತೂ ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ ಎಂದು ಋತುವಿಗೊಂದು ಕಾರ್ಯಕ್ರಮವನ್ನೇ ಕಟ್ಟಿದ್ದರು. ರಾಗ, ಜನಪದ ಎರಡನ್ನೂ ಒಂದೇ ಎಳೆಯಲ್ಲಿ ಹೇಗೆ ಪೋಣಿಸಬೇಕೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಮಾದರಿಯಿಲ್ಲ.

ತೊಡಕು ಇರುವುದು ಉದ್ದದಲ್ಲಿ. ನಲವತ್ತು ನಿಮಿಷದ ಖಯಾಲ್ ಕಳಿಸಿದರೆ ಅಭ್ಯಾಸವಿಲ್ಲದವರು ವಿಲಂಬಿತದ, ಅಂದರೆ ನಿಧಾನಗತಿಯ ಮೊದಲ ಭಾಗದ, ಮೂರನೇ ನಿಮಿಷಕ್ಕೆ ಮುಚ್ಚುತ್ತಾರೆ. ಎರಡು ದಾರಿಗಳಿವೆ. ಒಂದು, ಹಳೆಯ 78 ಆರ್‌ಪಿಎಂ ತಟ್ಟೆಗಳ ಧ್ವನಿಮುದ್ರಣ ಹುಡುಕುವುದು. ಒಂದು ಬದಿಗೆ ಮೂರು–ಮೂರೂವರೆ ನಿಮಿಷವೇ ಜಾಗ ಇದ್ದದ್ದರಿಂದ ಗಾಯಕರು ರಾಗದ ಸಾರವನ್ನು ಅಷ್ಟರಲ್ಲೇ ಹಿಡಿದಿಡುತ್ತಿದ್ದರು. ಇನ್ನೊಂದು, ದ್ರುತ್, ಅಂದರೆ ವೇಗದ ಭಾಗ, ಶುರುವಾಗುವ ಜಾಗ ತೋರಿಸುವುದು. ಧ್ವನಿಮುದ್ರಣದ ಕೊನೆಯ ಮೂರನೇ ಒಂದು ಭಾಗದಲ್ಲಿ ಹುಡುಕಿ; ತಬಲಾದ ನಡೆ ಒಮ್ಮೆಗೇ ಚುರುಕಾಗಿ ಹೊಸ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಎತ್ತಿಕೊಳ್ಳುವ ಕಡೆ ಸಿಗುತ್ತದೆ. ಕಂಪ್ಯೂಟರಿನಲ್ಲಿ ಯೂಟ್ಯೂಬಿನ ಶೇರ್ ಒತ್ತಿ ‘ಸ್ಟಾರ್ಟ್ ಅಟ್’ ಮುಂದೆ ಗುರುತು ಹಾಕಿದರೆ ಲಿಂಕು ಅಲ್ಲಿಂದಲೇ ತೆರೆಯುತ್ತದೆ. ಜೊತೆಗೆ ‘21:40ರಿಂದ ಕೇಳಿ’ ಎಂದು ಸಂದೇಶದಲ್ಲೂ ಬರೆಯಿರಿ, ಕೆಲವು ಫೋನುಗಳಲ್ಲಿ ವಿಡಿಯೊ ಮೊದಲಿನಿಂದಲೇ ಶುರುವಾಗುತ್ತದೆ.

ರಾಗದ ಹೆಸರು ನೋಡಿ ಋತು ಹಚ್ಚುವಾಗ ಎಚ್ಚರ ಬೇಕು. ಹಿಂದೂಸ್ತಾನಿಯ ಬಸಂತ್, ಬಹಾರ್, ಹಿಂದೋಲ್ ವಸಂತದವು. ಕರ್ನಾಟಕ ಸಂಗೀತದ ವಸಂತ ರಾಗವನ್ನು ರೂಢಿಯಲ್ಲಿ ಸಂಜೆಯ ರಾಗ ಎನ್ನುತ್ತಾರೆ, ಋತುವಿನ ಕಟ್ಟು ಅದಕ್ಕಿಲ್ಲ. ಕರ್ನಾಟಕದ ಹಿಂದೋಳವಂತೂ ಮಾಲಕೌಂಸಕ್ಕೆ ಸಮನಾದದ್ದು. ಹಿಂದೋಲ್‌ಗೂ ಅದಕ್ಕೂ ಸ್ವರಗಳೇ ಬೇರೆ. ದಕ್ಷಿಣಾದಿಯಲ್ಲಿ ಮಳೆಯ ರಾಗ ಬೇಕೆಂದರೆ ಅಮೃತವರ್ಷಿಣಿ. ಎಟ್ಟಯಪುರದಲ್ಲಿ ಮುತ್ತುಸ್ವಾಮಿ ದೀಕ್ಷಿತರು ಈ ರಾಗ ಹಾಡಿ ಮಳೆ ತರಿಸಿದರೆಂಬ ಐತಿಹ್ಯವನ್ನು ಐತಿಹ್ಯವೆಂದೇ ಬರೆದು ಕಳಿಸಿ.

ಉಳಿದ ತಿಂಗಳುಗಳು

ನವರಾತ್ರಿಗೆ ಮಾತ್ರ ದಿನಕ್ಕೊಂದು ಹಾಡಿನ ಕ್ರಮ ನಡೆಯುತ್ತದೆ. ಜಯಚಾಮರಾಜ ಒಡೆಯರ್ 94 ಕೃತಿಗಳನ್ನು ರಚಿಸಿದ್ದಾರೆ, ಅವುಗಳಲ್ಲಿ ದೇವಿಯ ಮೇಲಿನವನ್ನು ಆರಿಸಿದರೆ ಒಂಬತ್ತು ದಿನಕ್ಕೂ ಸಾಲುತ್ತದೆ. ದೀಪಾವಳಿ ಮತ್ತು ರಾಜ್ಯೋತ್ಸವ ಹತ್ತಿರ ಹತ್ತಿರ ಬರುವುದರಿಂದ ಒಂದೇ ಪಟ್ಟಿ ಸಾಕು: ಡಿ.ಎಸ್. ಕರ್ಕಿಯವರ ‘ಹಚ್ಚೇವು ಕನ್ನಡದ ದೀಪ’ ಎರಡಕ್ಕೂ ಸಲ್ಲುತ್ತದೆ, ಜಿ.ಎಸ್. ಶಿವರುದ್ರಪ್ಪನವರ ಹಣತೆಯ ಕವಿತೆ ಇದೆ, ಮಲೆನಾಡಿನಲ್ಲಿ ದೀಪ ಹಿಡಿದು ಮನೆಮನೆಗೆ ಬರುವ ಅಂಟಿಗೆ–ಪಂಟಿಗೆಯವರ ಹಾಡು ಇದೆ.

ಸುಗ್ಗಿಗೆ ಕಣದಲ್ಲಿ ಎತ್ತು ಸುತ್ತಿಸುತ್ತಾ ರಾತ್ರಿಯೆಲ್ಲ ಹಾಡುತ್ತಿದ್ದ ಹಂತಿ ಪದ. ಹೋಳಿಯ ಹೊತ್ತಿಗೆ ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ. ಅವರ ಹಾಡುಗಳಿಗೆ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರ ದನಿಯಿಂದ ಶುರುಮಾಡಿ. ಚೈತ್ರದಲ್ಲಿ ಯುಗಾದಿ, ಅದರ ಬೆನ್ನಿಗೇ ರಾಮನವಮಿ. ಬೆಂಗಳೂರಿನಲ್ಲಿರುವವರು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತ ಕಛೇರಿಗಳ ಪಟ್ಟಿ ನೋಡಿಕೊಂಡು, ಹಾಡಲಿರುವವರ ಒಂದು ಹಳೆಯ ಧ್ವನಿಮುದ್ರಣ ಮೊದಲೇ ಕಳಿಸಬಹುದು. ಮೇ 24–25ರ ಪತ್ತನಾಜೆಗೆ ತುಳುನಾಡಿನ ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸುತ್ತವೆ, ಯಕ್ಷಗಾನದ ಪದಗಳನ್ನು ಅದಕ್ಕೆ ಮೊದಲೇ ಹಂಚಿ.

ಸಂದೇಶದಲ್ಲಿ ಏನು ಬರೆಯಬೇಕು

ಆ್ಯಪುಗಳು ಗಾಯಕರ ಹೆಸರನ್ನು ದೊಡ್ಡದಾಗಿ ತೋರಿಸುತ್ತವೆ, ಕವಿಯನ್ನು ಎಲ್ಲೋ ಒಳಗೆ ಅಡಗಿಸುತ್ತವೆ ಅಥವಾ ಬಿಟ್ಟೇಬಿಡುತ್ತವೆ. ಭಾವಗೀತೆಗೆ ಇದು ಅನ್ಯಾಯ. ಹಾಡಿನ ಮೊದಲ ಸಾಲು ಕನ್ನಡ ಲಿಪಿಯಲ್ಲಿ, ಕವಿ, ಸಂಗೀತ, ಗಾಯಕರು, ಸಿನಿಮಾ ಅಥವಾ ಕ್ಯಾಸೆಟ್ಟಿನ ಹೆಸರು, ವರ್ಷ, ಎಷ್ಟು ನಿಮಿಷ. ಕೊನೆಗೆ ಎಲ್ಲಿ ಕಿವಿಗೊಡಬೇಕೆಂದು ಒಂದೇ ಸಾಲು. ಹೀಗೆ:

‘ಯುಗ ಯುಗಾದಿ ಕಳೆದರೂ. ಕವಿ ಬೇಂದ್ರೆ, ಸಂಗೀತ ಜಿ.ಕೆ. ವೆಂಕಟೇಶ್, ಗಾಯನ ಎಸ್. ಜಾನಕಿ. ಕುಲವಧು, 1963. ಕೇಳುವ ಮೊದಲು ಬೀದಿಯ ಹೊಂಗೆ ಮರ ಹೂ ಬಿಟ್ಟಿದೆಯೇ ನೋಡಿ.’

‘ಅದ್ಭುತ’, ‘ತಪ್ಪದೇ ಕೇಳಿ’, ‘ಕಣ್ಣೀರು ಬರುತ್ತೆ’ ಎಂದು ಬರೆಯಬೇಡಿ. ಅದನ್ನು ಓದಿ ಯಾರೂ ಒತ್ತುವುದಿಲ್ಲ. ಕೊಳಲು ಎಲ್ಲಿ ಬರುತ್ತದೆ, ಯಾವ ಚರಣದಲ್ಲಿ ಲಯ ಬದಲಾಗುತ್ತದೆ ಎಂದು ಬರೆದರೆ ಒತ್ತುತ್ತಾರೆ, ಅದನ್ನು ಹುಡುಕಿಕೊಂಡು ಅಲ್ಲಿಯವರೆಗೆ ಕೇಳುತ್ತಾರೆ.

ಕಳಿಸುವ ದಿನ, ಹಬ್ಬಕ್ಕೆ ಮೂರು ದಿನ ಮೊದಲು. ಹಬ್ಬದ ಬೆಳಿಗ್ಗೆ ಎಲ್ಲರ ಫೋನೂ ರಂಗೋಲಿ ಚಿತ್ರಗಳಿಂದ ತುಂಬಿರುತ್ತದೆ.

ಸರಿಯಾದ ಆವೃತ್ತಿ ಹಿಡಿಯುವುದು

ಮೊದಲು ಕನ್ನಡ ಲಿಪಿಯಲ್ಲಿ ಹುಡುಕಿ. ಸಿಗದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ತರಹ ಬರೆದು ನೋಡಿ. ದೀರ್ಘಕ್ಕೆ ಒಂದು ಎ ಹಾಕುವವರೂ ಇದ್ದಾರೆ, ಎರಡು ಹಾಕುವವರೂ ಇದ್ದಾರೆ. ಸಿನಿಮಾದ ಹೆಸರು ಜೊತೆಗಿದ್ದರೆ ಬೇಗ ಸಿಗುತ್ತದೆ. ಸಿಕ್ಕಿದ್ದನ್ನು ಪೂರ್ತಿ ಕೇಳಿಯೇ ಕಳಿಸಬೇಕು, ಏಕೆಂದರೆ ಮೂಲ ಗಾಯಕರ ಚಿತ್ರ ಹಾಕಿ ಬೇರೆಯವರ ಹಾಡು ಇಟ್ಟಿರುವುದು, ಎರಡನೇ ಚರಣ ಕತ್ತರಿಸಿರುವುದು, ಹಕ್ಕಿನ ತಪಾಸಣೆ ತಪ್ಪಿಸಲು ವೇಗ ಏರಿಸಿರುವುದು ಮೂರೂ ಉಂಟು. ವೇಗ ಏರಿಸಿದ್ದರೆ ಪರಿಚಿತ ದನಿ ಸ್ವಲ್ಪ ಕೀರಲಾಗಿ ಕೇಳುತ್ತದೆ. ಕಂಪನಿಯ ಅಧಿಕೃತ ಚಾನೆಲಿನಲ್ಲಿ ಇದ್ದರೆ ಅದನ್ನೇ ಆರಿಸಿ. ಇಡೀ ಕ್ಯಾಸೆಟ್ಟು ಒಂದೇ ವಿಡಿಯೊದಲ್ಲಿದ್ದರೆ ಹಾಡಿನ ಸಮಯ ಹಾಕಿ.

ಹಂಚುವ ಯಂತ್ರತಂತ್ರ

ಹಾಡುಗಳನ್ನು ಯೂಟ್ಯೂಬ್ ಪ್ಲೇಲಿಸ್ಟಿಗೆ ಸೇರಿಸಿ ‘ಅನ್‌ಲಿಸ್ಟೆಡ್’ (ಲಿಂಕು ಇದ್ದವರಿಗೆ ತೆರೆಯುವಂಥದ್ದು) ಎಂದಿಡಿ. ‘ಪ್ರೈವೇಟ್’ ಎಂದಿದ್ದರೆ ನಿಮಗೆ ಮಾತ್ರ ತೆರೆಯುತ್ತದೆ, ಉಳಿದವರಿಗೆ ಖಾಲಿ ಪುಟ ಕಾಣುತ್ತದೆ. ‘ಲಿಂಕು ಓಪನ್ ಆಗ್ತಿಲ್ಲ’ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಬೇರೆಯವರೂ ಹಾಡು ಸೇರಿಸಲೆಂದರೆ ಕೊಲ್ಯಾಬೊರೇಟ್ ಆಯ್ಕೆ ಇದೆ, ಸ್ಪಾಟಿಫೈನಲ್ಲೂ ಇದೆ. ಆದರೆ ಒಬ್ಬರಿಗೆ ಒಂದು ನಕ್ಷತ್ರಕ್ಕೆ ಒಂದೇ ಹಾಡು ಎಂದು ಮೊದಲೇ ಮಾತಾಗಿರಲಿ, ಇಲ್ಲದಿದ್ದರೆ ಉತ್ಸಾಹಿ ಚಿಕ್ಕಪ್ಪ ಒಬ್ಬರೇ ನಲವತ್ತು ಸೇರಿಸಿಬಿಡುತ್ತಾರೆ. ಹೊರದೇಶದವರಿಗೆ ಕೆಲವು ಹಾಡು ಮಸುಕಾಗಿ ಕಂಡು ಒತ್ತಿದರೂ ನುಡಿಯದಿರಬಹುದು. ಆ ದೇಶಕ್ಕೆ ಹಕ್ಕು ಇಲ್ಲವೆಂದು ಅರ್ಥ. ಅಂಥವರಿಗಾಗಿ ಇನ್ನೊಂದು ಆ್ಯಪಿನ ಲಿಂಕೂ ಕೊಡಿ. ಪಟ್ಟಿಯ ಸಂದೇಶವನ್ನು ಗುಂಪಿನಲ್ಲಿ 30 ದಿನಕ್ಕೆ ಪಿನ್ ಮಾಡಿದರೆ ಮೇಲೆಯೇ ನಿಲ್ಲುತ್ತದೆ.

ಎಂಪಿ3 ಕಡತ ಹಂಚುವುದು ಬೇಡ. ಹಕ್ಕಿನ ತಕರಾರು ಒಂದು ಕಡೆ, ನಾಲ್ಕು ಕೈ ದಾಟುವಷ್ಟರಲ್ಲಿ ಹಾಡಿದವರ ಹೆಸರೇ ಕಳೆದಿರುತ್ತದೆ. ಮನೆಯ ಅಜ್ಜಿ ಹಾಡಿದ ಸೋಬಾನೆ ಪದವಾದರೆ ಮಾತು ಬೇರೆ. ಅದನ್ನು ವಾಟ್ಸಾಪಿನ ವಾಯ್ಸ್ ಮೆಸೇಜಿನಲ್ಲಿ ಹಿಡಿಯಬೇಡಿ, ಅದು ಮಾತಿಗೆಂದು ಕುಗ್ಗಿಸಿದ ಧ್ವನಿ. ಫೋನಿನ ರೆಕಾರ್ಡರ್ ತೆರೆದು, ಫ್ಯಾನು ನಿಲ್ಲಿಸಿ, ಬಾಯಿಯಿಂದ ಒಂದು ಮೊಳ ದೂರ ಇಟ್ಟು ಹಿಡಿಯಿರಿ. ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಊರು, ಯಾವ ಸಂದರ್ಭದ ಹಾಡು ಎಂಬುದನ್ನು ಕಡತದ ಹೆಸರಿನಲ್ಲೇ ಬರೆಯಿರಿ. ಹಂಚಲು ಅಜ್ಜಿಯ ಒಪ್ಪಿಗೆ ಕೇಳಿ.

ಹಳೆಯ ಪಟ್ಟಿಗಳನ್ನು ಅಳಿಸಬೇಡಿ, ಹೆಸರಿಗೆ ನಕ್ಷತ್ರ ಮತ್ತು ವರ್ಷ ಸೇರಿಸಿ ಹಾಗೇ ಬಿಡಿ. ಮುಂದಿನ ವರ್ಷ ಅದೇ ನಕ್ಷತ್ರಕ್ಕೆ ಹೋದ ವರ್ಷದ ಒಂದು ಹಾಡು ಉಳಿಸಿಕೊಂಡು ಉಳಿದವನ್ನು ಬದಲಿಸಿ. ಮೇ ತಿಂಗಳ ಕೊನೆಗೆ, ರೋಹಿಣಿ ಹುಟ್ಟುವ ಹೊತ್ತಿಗೆ, ಎಲ್ಲ ಪಟ್ಟಿಗಳನ್ನೂ ನಿಮ್ಮ ಖಾತೆಯಿಂದ ಹೊರಬಂದು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆದು ನೋಡಿ. ಅಳಿಸಿಹೋದ ವಿಡಿಯೊಗಳ ಹೆಸರನ್ನು ಯೂಟ್ಯೂಬ್ ತೋರಿಸುವುದಿಲ್ಲ. ಅಲ್ಲಿ ಇದ್ದದ್ದು ಯಾವ ಹಾಡೆಂದು ನೀವು ಕಳಿಸಿದ ಹಳೆಯ ಸಂದೇಶದಿಂದಲೇ ತಿಳಿಯಬೇಕು.