ಜಲನೇತಿಗೆ ಮುನ್ನ ಮೂಗಿನ ಲೋಳೆಪೊರೆ ತಿಳಿಯಿರಿ

ಅಲರ್ಜಿ, ಸೈನಸ್ ತೊಂದರೆ ಇದ್ದವರಿಗೆ ಜಲನೇತಿ, ಅಂದರೆ ಉಪ್ಪುನೀರಿನಲ್ಲಿ ಮೂಗು ತೊಳೆಯುವುದರಿಂದ ಆರಾಮ ಸಿಗುತ್ತದೆ. ಆದರೆ ತೊಳೆಯುತ್ತಿರುವುದು ಏನನ್ನು ಎಂದು ಮೊದಲು ತಿಳಿಯಬೇಕು, ಅಲ್ವಾ?

ಮೂಗಿನ ಒಳಗೋಡೆಗೆ ಅಂಟಿಕೊಂಡ ತೆಳುವಾದ, ಸದಾ ಒದ್ದೆಯಿರುವ ಪೊರೆಯೇ ಲೋಳೆಪೊರೆ. ಬಾಯಿ, ಹೊಟ್ಟೆ, ಕರುಳು, ಮೂತ್ರದ ದಾರಿಯಲ್ಲೂ ಇದೆ. ಜಾಗಕ್ಕೆ ತಕ್ಕಂತೆ ಕೆಲಸ ಬೇರೆ. ಮೂಗಿನಲ್ಲಿ ಮೇಲ್ಪದರದ ಕೆಲವು ಜೀವಕೋಶಗಳು ಲೋಳೆ ಸುರಿಸುತ್ತವೆ, ಇನ್ನು ಹಲವಕ್ಕೆ ಬರಿಗಣ್ಣಿಗೆ ಕಾಣದ ಸಣ್ಣ ರೋಮಗಳಿವೆ. ಅದರ ಕೆಳಗೆ ರಕ್ತನಾಳಗಳು ತುಂಬಿವೆ. ಉಸಿರಿನ ಗಾಳಿ ಬೆಚ್ಚಗಾಗುವುದು ಅವುಗಳಿಂದ. ನೆಗಡಿಯಲ್ಲಿ ಮೂಗು ಕಟ್ಟುವುದೂ ಬರೀ ಸಿಂಬಳದಿಂದಲ್ಲ, ಈ ನಾಳಗಳು ಹಿಗ್ಗಿ ಪೊರೆ ಊದಿಕೊಳ್ಳುವುದರಿಂದ.

ಸಿಂಬಳವನ್ನು ಹೊಲಸು ಅಂತ ದೂರುವುದು ಅನ್ಯಾಯ. ಬಹುಪಾಲು ನೀರೇ ಆದರೂ ಅದರಲ್ಲಿ ಅಂಟು ಕೊಡುವ ಮ್ಯೂಸಿನ್, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಝೈಮ್, ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಇವೆ. ದೂಳು, ರೋಗಾಣು ಹಿಡಿದ ಲೋಳೆಯನ್ನು ರೋಮಗಳು ಗಾಳಿಗೆ ಭತ್ತದ ಪೈರು ತೂಗಿದ ಹಾಗೆ ಒಟ್ಟಾಗಿ ಬಾಗುತ್ತಾ ಗಂಟಲ ಕಡೆಗೆ ದೂಡುತ್ತವೆ. ವೇಗ ನಿಮಿಷಕ್ಕೆ ಕೆಲವು ಮಿಲಿಮೀಟರ್. ನಮಗೆ ಗೊತ್ತಾಗದೆಯೇ ನುಂಗಿಬಿಡುತ್ತೇವೆ. ಲೋಳೆ ಗಟ್ಟಿಯಾದರೆ ಈ ಸಾಗಾಟ ಕುಂಟುತ್ತದೆ. ಉಪ್ಪುನೀರು ನೆರವಾಗುವುದು ಆಗಲೇ.

ಮೊದಲು ಅರ್ಧ ಲೀಟರ್ ನೀರನ್ನು ಕನಿಷ್ಠ 1 ನಿಮಿಷ ಕೊತಕೊತ ಕುದಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ. ಇದನ್ನು ಬಿಡಲೇಬೇಡಿ. 2011ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ನೇಗ್ಲೇರಿಯಾ ಎಂಬ ಅಮೀಬಾದಿಂದ ತೀರಿಕೊಂಡರು. ಅದು ಮೂಗಿನ ಪೊರೆ ದಾಟಿ ಮಿದುಳಿಗೆ ಹೋಗುತ್ತದೆ.

ನಂತರ ಅಯೋಡಿನ್ ಇಲ್ಲದ ಉಪ್ಪು ಸುಮಾರು 4.5 ಗ್ರಾಂ, ಅಂದರೆ ಮುಕ್ಕಾಲು ಟೀ ಚಮಚ ಹಾಕಿ ಕರಗಿಸಿ. ದೇಹದ ದ್ರವದ ಉಪ್ಪಿನಂಶಕ್ಕೆ ಇದು ಸಮ. ಸುಮ್ನೆ ಸಾದಾ ನೀರು ಬಿಟ್ಟರೆ ಜೀವಕೋಶಗಳು ನೀರು ಹೀರುತ್ತವೆ, ಮೂಗು ಉರಿಯುತ್ತದೆ.

ಸಿಂಕ್ ಮೇಲೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ. ಬಾಯಲ್ಲೇ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನೇತಿ ಪಾತ್ರೆಯಿಂದ (ಸಣ್ಣ ಕೊಳವೆಮೂತಿಯ ಪಾತ್ರೆ) ನಿಧಾನವಾಗಿ ನೀರು ಬಿಡಿ. ಅದು ಕೆಳಗಿನ ಹೊಳ್ಳೆಯಿಂದ ಹೊರಬರುತ್ತದೆ. ಆಮೇಲೆ ಇನ್ನೊಂದು ಪಕ್ಕ. ಕೊನೆಗೆ ಮೆಲ್ಲಗೆ ಮೂಗಿನಿಂದ ಗಾಳಿ ಊದಿ ಉಳಿದ ನೀರನ್ನು ಹೊರಹಾಕಿ. ಜೋರು ಮಾಡಿದರೆ ನೀರು ಕಿವಿಯತ್ತ ನುಗ್ಗಬಹುದು. ಪಾತ್ರೆಯನ್ನು ಪ್ರತಿ ಸಲ ಕುದಿಸಿ ಆರಿಸಿದ ನೀರಿನಲ್ಲೇ ತೊಳೆದು ಒಣಗಿಸಿಡಿ.

ಮೂಗು ಪೂರ್ತಿ ಕಟ್ಟಿದ್ದರೆ, ಕಿವಿ ಸೋಂಕಿದ್ದರೆ, ಮೂಗಿನ ಆಪರೇಷನ್ ಆಗಿದ್ದರೆ ಡಾಕ್ಟರನ್ನು ಕೇಳಿಯೇ ಮಾಡಿ. ಚಿಕ್ಕ ಮಕ್ಕಳಿಗೂ ಅಷ್ಟೇ.