ಒಂದು ಕಿತ್ತಳೆ, ಆರು ಕಾಫಿ ಕಾಯಿ

ಜುಲೈನಲ್ಲಿ ಮಡಿಕೇರಿಯ ನಮ್ಮ ಲ್ಯಾಬಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯ ಮುಚ್ಚಳ ಸಡಿಲವಾದರೆ ಮುಗೀತು, ಒಂದೆರಡು ದಿನದಲ್ಲಿ ಒಳಗೆಲ್ಲ ನೀರು ನೀರು. ಇಂಥ ಊರಲ್ಲಿ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಪಾಠ ಮಾಡಬೇಕು. ಒಂದು ಪ್ಲಾಟಿನಂಗೆ ಆರು ಫ್ಲೋರಿನ್ ಸೇರಿದ, ತೇವ ಸೋಕಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟಿಸಿ ಗಾಜನ್ನೇ ತಿನ್ನುವ ವಸ್ತು ಅದು. ಪಿಯು ಕಾಲೇಜಿಗೆ ತರಿಸುವ ಮಾತೇ ಇಲ್ಲ, ನನಗೆ ಆ ಆಸೆಯೂ ಇಲ್ಲ.

ಮೊದಲೆಲ್ಲ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ: 1962, ನೀಲ್ ಬಾರ್ಟ್ಲೆಟ್, ಕ್ಸೆನಾನ್. ಯಾವುದರ ಜೊತೆಗೂ ಸೇರದು ಅಂದುಕೊಂಡಿದ್ದ ಕ್ಸೆನಾನ್ ಅನಿಲದಿಂದ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ ಅಂತ ತೋರಿಸಿದ ರಸಾಯನಶಾಸ್ತ್ರಜ್ಞ ಅವರು. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಒಂದು ವರ್ಷ ಒಬ್ಬಳು ಹುಡುಗಿ ಎದ್ದು ನಿಂತಳು. "ಸರ್, ಪ್ಲಾಟಿನಂ ಯಾವುದಕ್ಕೂ ಜಗ್ಗಲ್ಲ ಅಂದ್ರಿ. ಅದು ಹೇಗೆ ಬೇರೆಯವರ ಎಲೆಕ್ಟ್ರಾನ್ ಕಿತ್ಕೊಳ್ಳುತ್ತೆ?" ಉತ್ತರ ಗೊತ್ತಿತ್ತು. ಹೇಳುವ ದಾರಿ ಗೊತ್ತಿರಲಿಲ್ಲ.

ಮರುದಿನ ಮನೆ ಹಿಂದಿನ ಕಿತ್ತಳೆ ಒಂದು, ಹಸಿರು ಕಾಫಿ ಕಾಯಿ ಆರು, ಪೊರಕೆ ಕಡ್ಡಿ ತಗೊಂಡು ಹೋದೆ. ಮೇಲೊಂದು, ಕೆಳಗೊಂದು, ಸುತ್ತ ನಾಲ್ಕು ಚುಚ್ಚಿದೆ. ರಸ ಸೋರಿ ಹಾಜರಿ ಪುಸ್ತಕ ಅಂಟಂಟಾಯಿತು. ಕಿತ್ತಳೆ ಪ್ಲಾಟಿನಂ, ಕಾಯಿಗಳು ಫ್ಲೋರಿನ್. ಆರೂ ಕಡೆಯಿಂದ ಎಳೆದು ಎಳೆದು ಪ್ಲಾಟಿನಂ ಅನ್ನು +6ಕ್ಕೆ, ಅಂದರೆ ಆರು ಎಲೆಕ್ಟ್ರಾನ್ ಕಳಕೊಂಡ ಲೆಕ್ಕಕ್ಕೆ, ತಂದು ನಿಲ್ಲಿಸಿವೆ. ಈಗ ಒಂದು ಎಲೆಕ್ಟ್ರಾನ್ ಸಿಕ್ಕರೆ +5ಕ್ಕೆ ಇಳಿಯಬಹುದು. ಅದಕ್ಕೇ ಅಷ್ಟು ಹಸಿವು.

ಆಮೇಲೆ ಕೆನಡಾದ ವ್ಯಾಂಕೂವರ್‌ನ ಕಥೆ ಹೇಳಿದೆ. ಬಾರ್ಟ್ಲೆಟ್ ಅಲ್ಲಿ ನೋಡಿದ್ದು, ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಮ್ಲಜನಕದಿಂದಲೂ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ ಎಂದು. ಬೋರ್ಡಿನ ಮೇಲೆ ಅಯಾನೀಕರಣ ಶಕ್ತಿ, ಅಂದರೆ ಒಂದು ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ, ಬರೆದೆ, ಪ್ರತಿ ಮೋಲ್‌ಗೆ ಕಿಲೋಜೌಲ್ ಲೆಕ್ಕದಲ್ಲಿ: ಆಮ್ಲಜನಕದ ಅಣು 1175, ಕ್ಸೆನಾನ್ 1170, ಕ್ರಿಪ್ಟಾನ್ 1351. ಬರೆದು ಸುಮ್ನೆ ನಿಂತೆ.

ಸುಮ್ನೆ ನಿಲ್ಲೋದೇ ಕಷ್ಟ. ಹೊರಗೆ ಶೀಟಿನ ಮೇಲೆ ಮಳೆ ಹೊಡೀತಾ ಇತ್ತು. ಕೊನೆ ಬೆಂಚಿನಿಂದ ಒಬ್ಬ, "ಸರ್, ಹಾಗಾದ್ರೆ ಕ್ಸೆನಾನ್ ಇನ್ನೂ ಸಲೀಸು ಅಲ್ವಾ?" ಅಂದ. ಬಾರ್ಟ್ಲೆಟ್‌ಗೆ ಹೊಳೆದದ್ದೂ ಅದೇ. ಮಾರ್ಚ್ 23ರ ಸಂಜೆ, ಲ್ಯಾಬಿನಲ್ಲಿ ಒಬ್ಬರೇ ಇದ್ದಾಗ, ಪ್ಲಾಟಿನಂ ಹೆಕ್ಸಾಫ್ಲೋರೈಡಿನ ಕಡುಗೆಂಪು ಆವಿಯನ್ನೂ ಬಣ್ಣವಿಲ್ಲದ ಕ್ಸೆನಾನನ್ನೂ ಸೇರಿಸಿದರು. ತಕ್ಷಣ ಹಳದಿ ಪುಡಿ ಕೂತಿತು. ತೋರಿಸೋಣ ಅಂತ ಹೊರಗೆ ಓಡಿದರೆ ಎಲ್ಲರೂ ಊಟಕ್ಕೆ ಹೋಗಿದ್ದರಂತೆ!

ಆ ಪುಡಿ ನಮ್ಮ ಪುಸ್ತಕದ ಸೂತ್ರದಷ್ಟು ಸರಳ ಅಲ್ಲ, ಮಿಶ್ರಣ ಅಂತ ಆಮೇಲೆ ಗೊತ್ತಾಯಿತು. ಅದನ್ನೂ ಹೇಳಿದೆ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿ ಇರೋದನ್ನೇ ಬರೀರಿ ಅಂದೆ.